ನಾಲ್ಕೂ ಗಾಲಿ ಎಳೆಯಬೇಕು
ಲಿಂಗಂಪಲ್ಲಿಯ ನಮ್ಮ ಪಿಕಪ್ ಗಾಡಿಗಳ ಷೋರೂಮಿಗೆ ವಾರ ತಪ್ಪದೆ ಬಂದು ಏನೂ ಕೊಳ್ಳದೆ ಹೋಗುವ ಗಿರಾಕಿ ಮೇಸ್ತ್ರಿ ತಾಯಪ್ಪ. ಯಾದಗಿರಿ ಕಡೆಯ ಆಳುಗಳನ್ನು ಕರೆತಂದು ಇಲ್ಲಿಯ ಕಟ್ಟಡಗಳ ಕೆಲಸಕ್ಕೆ ಹಚ್ಚುವವನು. ಈ ತೆಲುಗು ಊರಿನಲ್ಲಿ ಕನ್ನಡ ಬಲ್ಲ ಸೇಲ್ಸ್‌ಮನ್ ನಾನೊಬ್ಬನೇ ಆದ್ದರಿಂದ ನನ್ನ ಪಾಲಿಗೆ ಬಂದವನು. ಗುಡಿಗೆ ಬಂದವನಂತೆ ಚಪ್ಪಲಿ ಹೊರಗೆ ಬಿಡುತ್ತಾನೆ. ಪ್ರತಿ ಪಿಕಪ್ಪಿನ ಕೆಳಗೂ ಟವೆಲ್ ಹಾಸಿ ಮಲಗಿ, ಎತ್ತಿನ ಹಲ್ಲು ನೋಡುವವನ ಗಾಂಭೀರ್ಯದಿಂದ ಮುಂದಿನ ಅಚ್ಚನ್ನು ದಿಟ್ಟಿಸುತ್ತಾನೆ. ಹಿಂದಿನೆರಡೇ ಗಾಲಿ ಎಳೆಯುತ್ತವೋ, ನಾಲ್ಕೂ ಎಳೆಯುತ್ತವೋ ಎಂಬುದೊಂದೇ ಅವನ ಚಿಂತೆ. ಈ ಪಟ್ಟಣಕ್ಕೆ ಎರಡು ಧಾರಾಳ ಸಾಕು, ನಾಲ್ಕೆಳೆಯುವ ಗಾಡಿ ಸುಮ್ಮನೆ ಡೀಸೆಲ್ ಕುಡಿಯುತ್ತದೆ ಎಂದು ನಾನು ಹಾಡಿದ್ದೇ ಹಾಡುತ್ತೇನೆ. "ಖರೇ ಐತ್ರಿ, ಖರೇ ಐತ್ರಿ" ಎಂದು ತಲೆಯಾಡಿಸಿ, ಕಡೆಗೆ "ಆದ್ರ ನಾಕೂ ಎಳೀಬೇಕ್ರಿ" ಎನ್ನುತ್ತಾನೆ. ಲೋಡ್ ಏನು, ಮರಳೋ ಸಿಮೆಂಟೋ ಎಂದು ಕೇಳಿದರೆ ಮಾತ್ರ ಎದ್ದು ಚಾ ಕುಡಿಯಲು ಹೊರಟುಬಿಡುತ್ತಾನೆ. ಹೋದ ವಾರ ನನಗೆ ರೇಗಿಹೋಯಿತು. ಲೋಡ್ ಹೇಳದಿದ್ದರೆ ಇನ್ನು ಗಾಡಿ ತೋರಿಸುವುದಿಲ್ಲ ಎಂದೆ. ತಾಯಪ್ಪ ಟವೆಲ್ ಕೊಡವಿ ನಿಧಾನವಾಗಿ ಮಡಚಿದ. "ಹ್ವಾದ ಮಳಿಗಾಲದಾಗ ನಮ್ಮ ಆಳು ಕಾಶಿನಾಥ ಕಟ್ಟಡದ ಮ್ಯಾಲಿಂದ ಬಿದ್ದು ಸತ್ತನ್ರಿ. ಬಾಡಿಗಿ ಪಿಕಪ್ಪಿನಾಗ ಹೆಣ ಊರಿಗಿ ಒಯ್ದಿವಿ. ಊರು ಕಣ್ಣಿಗಿ ಕಾಣಾಕತ್ತಿತ್ತು. ಎರಿ ಮಣ್ಣಿನಾಗ ಗಾಲಿ ಹೂತು ಗಾಡಿ ನಿಂತುಬಿಡ್ತು. ಅವರವ್ವ ಮೊಣಕಾಲಮಟ ಕೆಸರು ತುಳಕೊಂತ ತಾನೇ ಎದುರಿಗಿ ಬಂದ್ಳು." ಎದುರಿಗಿದ್ದ ಪಿಕಪ್ಪಿನ ಹಿಂಬದಿಯನ್ನು ಒಮ್ಮೆ ನೋಡಿದ. "ಲೋಡ್ ಭಾಳ ಇಲ್ರಿ ಸರ. ಒಂದೇ ಆಳು."