ಗಿರಣಿ ಬಾಗಿಲ ಮಜ್ಜಿಗೆ

ನನ್ನ ಸೋದರತ್ತೆಯ ಎಡಗಿವಿಯ ಹಾಲೆ ಎರಡು ಸೀಳಾಗಿ ನೇತಾಡುತ್ತಿತ್ತು. ಭಾರದ ಬೆಂಡೋಲೆ ತೊಟ್ಟು ತೊಟ್ಟು ಹರಿದದ್ದು. ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದುದು ಆ ಸೀಳು. ಗಿರಣಿಯ ಹೆಂಗಸರು ಅವಳ ಮುಖ ನೋಡುತ್ತಿರಲಿಲ್ಲ, ಕಿವಿ ನೋಡಿ ಮಾತಾಡುತ್ತಿದ್ದರು.

ಶಹಾಪುರದಲ್ಲಿ ನನ್ನ ತಾಯಿ ತೀರಿಕೊಂಡ ಮೇಲೆ ಅತ್ತೆ ನನ್ನನ್ನು ಯಾದಗಿರಿಗೆ ಕರೆತಂದು, ತಾನು ದುಡಿಯುತ್ತಿದ್ದ ಹತ್ತಿ ಗಿರಣಿಗೇ ಹಚ್ಚಿದಳು. ನನಗಾಗ ಮದುವೆಯ ವಯಸ್ಸು. ನಿಜಾಮರ ರಾಜ್ಯದ ಕೊನೆಯ ವರ್ಷಗಳವು. ಸ್ಟೇಷನ್ನಿನ ಮಗ್ಗುಲಲ್ಲಿ ತಗಡಿನ ಶೆಡ್ಡು. ಬೇಸಿಗೆಯಲ್ಲಿ ಯಂತ್ರಕ್ಕೆ ಹತ್ತಿ ಉಣಿಸುತ್ತ ಕೂತರೆ ಮೂಗಿನಲ್ಲಿ, ಗಂಟಲಲ್ಲಿ ಬರೀ ಅರಳೆಯ ಧೂಳು.

ಅತ್ತೆ ಹಿಂದಿನ ಸಂಜೆಯೇ ಜೋಳದ ಹಿಟ್ಟಿನ ತೆಳು ಅಂಬಲಿ ಕಾಯಿಸಿ ಗಡಿಗೆಯಲ್ಲಿ ಹುಳಿಗೆ ಇಡುತ್ತಿದ್ದಳು. ಬೆಳಿಗ್ಗೆ ಅದಕ್ಕೆ ಬೆಣ್ಣೆ ತೆಗೆದ ಮಜ್ಜಿಗೆ, ನೀರು, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಜೀರಿಗೆ. ಗಟ್ಟಿಯಾಗಿ ಮಾಡೆಂದು ಯಾರಾದರೂ ಕೇಳಿದರೆ ಬೈಯುತ್ತಿದ್ದಳು. “ಹೊಟ್ಟಿ ಹಗುರ ಇರಬೇಕು, ಗಂಟಲ ಹಸಿ ಇರಬೇಕು. ಗಟ್ಟಿ ಕುಡದು ತೂಕಡಸ್ತೀರೇನು? ಕೈ ಹೋದೀತು ಮಷೀನಿನಾಗ!” ಆ ಗಡಿಗೆ ಶೆಡ್ಡಿನ ಬಾಗಿಲಲ್ಲಿರುತ್ತಿತ್ತು. ಹೊತ್ತು ಏರಿದಂತೆ ಒಬ್ಬೊಬ್ಬರೇ ಎದ್ದು ಹೋಗಿ ಬೊಗಸೆ ಹಿಡಿದರೆ ಅತ್ತೆ ಮೇಲಿನಿಂದ ಹೊಯ್ಯುತ್ತಿದ್ದಳು. ಯಾವ ಜಾತಿಯವಳಾದರೂ ಬೊಗಸೆಯೇ, ಲೋಟದ ಮಾತಿಲ್ಲ.

ಅದನ್ನು ಗಿರಣಿಯ ಲೆಕ್ಕ, ಉಸ್ತುವಾರಿ ನೋಡುತ್ತಿದ್ದ ಮುನಶಿ ಬಂದ್ ಮಾಡಿಸಿದ. ಅವನ ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ. ಮಜ್ಜಿಗೆಯ ಹನಿ ಬಿದ್ದು ಹತ್ತಿಗೆ ಕಲೆಯಾಗುತ್ತದೆ ಎಂಬುದು ಅವನ ನೆಪ. ನಿಜ ಬೇರೆಯೇ ಇತ್ತು: ಮಜ್ಜಿಗೆ ಕುಡಿದ ಹೆಂಗಸು ಮೂತ್ರಕ್ಕೆಂದು ಹೊರಕ್ಕೆ ಎದ್ದು ಹೋಗಬೇಕಾಗುತ್ತದೆ, ಅಷ್ಟು ಹೊತ್ತು ಯಂತ್ರದ ಮುಂದೆ ಜಾಗ ಖಾಲಿ. ಅದಕ್ಕಾಗಿ ನಾವು ಬೆಳಿಗ್ಗೆಯಿಂದ ಸಂಜೆ ಭೋಂಗಾ ಕೂಗಿ ಗಿರಣಿ ಬಿಡುವವರೆಗೆ ಒಣಗಬೇಕಂತೆ! ಅವನೋ ದಿನವಿಡೀ ಸಕ್ಕರೆ ಸುರಿದ ಚಹಾ ಕುಡಿದು ಹೊಟ್ಟೆ ಬೆಳೆಸಿದ್ದ. ಹಕೀಮರು ಚಹಾ ಬಿಡಿಸಿ ನೀರುಮಜ್ಜಿಗೆ ಕುಡಿಯಲು ಹೇಳಿದ್ದರು. ಬಂದ್ ಮಾಡಿಸಿದ ಮರುದಿನವೇ ನಾಚಿಕೆಯಿಲ್ಲದೆ ಅತ್ತೆಯ ಹತ್ತಿರ ಬಂದ.

“ಏ ಬಾಯಿ, ನನಗ ದಿನಾ ಒಂದು ತಂಬಿಗಿ ಮಜ್ಜಿಗಿ ಆಫೀಸಿಗಿ ತಂದುಕೊಡು.”

“ಹೆಣ್ಮಕ್ಳು ಕುಡದು ಉಳದ್ರ ಕೊಡ್ತೀನ್ರಿ ಸಾಹೇಬ್ರ. ನೀವೂ ಬಂದು ಬೊಗಸಿ ಹಿಡೀರಿ,” ಎಂದಳು ಅತ್ತೆ.

ಅದೇ ವಾರ ನನ್ನ ಪಕ್ಕದ ಯಂತ್ರದ ಮುಸಲ್ಮಾನರ ಹೆಂಗಸು, ಚೊಚ್ಚಲ ಬಸುರಿ, ನೀರಡಿಸಿ ತಲೆ ಸುತ್ತಿ ಕೂತಲ್ಲೇ ಮುಗ್ಗರಿಸಿದಳು. ಅತ್ತೆ ಜಡೆ ಹಿಡಿದು ಹಿಂದಕ್ಕೆಳೆಯದಿದ್ದರೆ ಕೈ ಯಂತ್ರದೊಳಗೆ ಹೋಗುತ್ತಿತ್ತು. ನಾನು ನೀರಿಗೆ ಓಡಿದೆ. ಮುನಶಿ ಕೂಗಿದ್ದು ಏನು ಗೊತ್ತೇ? “ನೀರು ಇಲ್ಲಿ ತರಬ್ಯಾಡ್ರಿ, ಹತ್ತಿ ಹಸಿ ಆಗ್ತದ! ಆಕಿನ್ನ ಹೊರಗ ಹೊತ್ಕೊಂಡು ಹೋಗ್ರಿ!”

ಅತ್ತೆ ಅವಳನ್ನು ಹೊರಗೆ ಹೊತ್ತು ತಂದು ನೆರಳಿಗೆ ಮಲಗಿಸಿದಳು. ಗಿರಣಿಯಲ್ಲಿ ಎಲ್ಲರಿಗೂ ತಿಳಿದಿದ್ದ, ಯಾರೂ ಬಾಯಿ ಬಿಡದಿದ್ದ ಸಂಗತಿಯೊಂದಿತ್ತು. ತೂಕ ಏರಲಿ ಎಂದು ಗಿರಣಿಯ ಒಡೆಯ ಸಾವಕಾರ ಅರಳೆಯನ್ನು ಗೋಣಿಯ ಅಂಡಿಗೆಗೆ ತುಂಬುವ ಮೊದಲು ನೀರು ಚಿಮುಕಿಸುತ್ತಿದ್ದ. ಕೊಡ ಹೊತ್ತು ತರುತ್ತಿದ್ದವರೂ ನಾವೇ. ಕೆಲವು ದಿನಗಳಲ್ಲಿ ಪರಸ್ಥಳದ ಖರೀದಿದಾರನೊಬ್ಬ ಬಂದ. ಸಾವಕಾರ ಅವನಿಗೆ ಅಂಡಿಗೆ ತೋರಿಸುತ್ತಿದ್ದಾಗ ಅತ್ತೆ ಯಂತ್ರ ಬಿಟ್ಟೆದ್ದು ನೆಟ್ಟಗೆ ಅವರ ಮುಂದೆ ಹೋಗಿ ನಿಂತಳು.

“ಸಾವಕಾರ್ರ, ಬಸುರಿ ಬಾಯಿಗಿ ಹನಿ ನೀರ ಬೀಳಗೊಡಲಿಲ್ಲ ನೀವು. ಹತ್ತಿಗಿ ಮಾತ್ರ ಕೊಡಗಟ್ಲೆ ಕುಡಸಾಕತ್ತೀರಿ. ನಮಗಿಂತ ಹತ್ತಿಗಿ ನೀರಡಿಕಿ ಜಾಸ್ತಿ ಏನ್ರಿ?”

ಖರೀದಿದಾರ ತೋಳು ಏರಿಸಿ ಅಂಡಿಗೆಯ ಒಳಗೆ ಕೈ ತುರುಕಿದ. ಹೊರಗೆ ತೆಗೆದು ಒದ್ದೆ ಅಂಗೈ ನೋಡಿಕೊಂಡ. ಸರಕು ಕೊಳ್ಳದೆ ಟಾಂಗಾ ಹತ್ತಿ ಹೋದ.

ಅತ್ತೆಯನ್ನು ಅವತ್ತೇ ಹೊರಗೆ ಹಾಕಿದರು. ಮರುದಿನ ನಾವು ಯಾರೂ ಒಳಗೆ ಹೋಗಲಿಲ್ಲ, ಅತ್ತೆಯೂ ಗಡಿಗೆಯೂ ಒಳಗೆ ಬರಬೇಕೆಂದು ಬಾಗಿಲಲ್ಲೇ ಕೂತೆವು. ಮಧ್ಯಾಹ್ನದ ಹೊತ್ತಿಗೆ ಸಾವಕಾರ ಅರ್ಧ ಬಗ್ಗಿದ: ಗಡಿಗೆ ಇರಲಿ, ಆ ಹೆಂಗಸು ಬೇಡ. ನಾನು ಜಗಳಕ್ಕೆ ನಿಂತೆ. ಅತ್ತೆಯೇ ನನ್ನ ರಟ್ಟೆ ಹಿಡಿದಳು. “ಸುಮ್ಕಿರು ಹುಚ್ಚಿ. ನಾ ಎಲ್ಲಿದ್ರೂ ಬೈಕೋತ ಇರ್ತೀನಿ. ಗಡಿಗಿ ಒಳಗ ಹೋಗ್ಲಿ.” ಆಮೇಲೆ ಅವಳಿಗೆ ಊರಿನ ಯಾವ ಗಿರಣಿಯಲ್ಲೂ ಕೆಲಸ ಸಿಗದಂತೆ ಸಾವಕಾರ ನೋಡಿಕೊಂಡ. ಬೇರೆಯವರ ಹೊಲಗಳಲ್ಲಿ ಕಳೆ ಕೀಳುತ್ತ ದಿನ ದೂಡಿದಳು. ಗಡಿಗೆ ತುಂಬಿ ಕಳಿಸುವುದನ್ನು ಮಾತ್ರ ಬಿಡಲಿಲ್ಲ. ಅವಳು ಸಿಟ್ಟು ನುಂಗಿಕೊಂಡಿದ್ದರೆ ಚೆನ್ನಾಗಿ ಬಾಳುತ್ತಿದ್ದಳು ಎಂದು ನೆಂಟರು ಇವತ್ತಿಗೂ ಅನ್ನುತ್ತಾರೆ. ಅಂಥವರ ಮನೆಯಲ್ಲಿ ನಾನು ನೀರೂ ಕುಡಿಯುವುದಿಲ್ಲ.

ಎರಡು ಬೇಸಿಗೆ ಕಳೆದ ಮೇಲೆ ಜ್ವರ ಬಂದು ಅತ್ತೆ ತೀರಿಕೊಂಡಳು. ಮಣ್ಣು ಮಾಡಿದ ಮರುದಿನವೇ ನಾನು ಕೆಲಸಕ್ಕೆ ಹೋದೆ. ಬರದಿದ್ದರೆ ನನ್ನ ಜಾಗಕ್ಕೆ ಬೇರೆಯವಳನ್ನು ಕೂರಿಸುವುದಾಗಿ ಮುನಶಿ ಹೇಳಿ ಕಳಿಸಿದ್ದ. ಸಾವಿನ ಮನೆ, ಒಲೆ ಹಚ್ಚಿರಲಿಲ್ಲ. ಬರಿಗೈಯಲ್ಲಿ ಬಾಗಿಲಿಗೆ ಬಂದು ನೋಡಿದರೆ ಅಲ್ಲೊಂದು ತುಂಬಿದ ಗಡಿಗೆ. ಅಂದು ಮುಗ್ಗರಿಸಿದ್ದ ಆ ಮುಸಲ್ಮಾನರ ಹೆಂಗಸು ತನ್ನ ಮನೆಯಲ್ಲಿ ಮಾಡಿ ಹೊತ್ತು ತಂದಿದ್ದಳು. ಅಲ್ಲಿಯವರೆಗೆ ಅವರು ನಮ್ಮ ಗಡಿಗೆಯದು ಕುಡಿದಿದ್ದರೇ ಹೊರತು ನಾವು ಅವರ ಮನೆಯದು ಮುಟ್ಟಿರಲಿಲ್ಲ. ಹೆಂಗಸರೆಲ್ಲ ನೆಲ ನೋಡುತ್ತ ನಿಂತಿದ್ದರು. ಮುನಶಿ ಬಾಗಿಲಿಗೆ ಒರಗಿ ನಗುತ್ತಿದ್ದ.

“ಕುಡೀರಿ ಈಗ! ಯಾರು ಬ್ಯಾಡ ಅಂದಾರ? ನಾ ಏನೂ ಬಂದ್ ಮಾಡಿಲ್ಲ.”

ನಮ್ಮ ಜಾತಿಯನ್ನೇ ತನ್ನ ಕಾವಲುಗಾರನನ್ನಾಗಿ ಮಾಡಿಕೊಂಡಿದ್ದ, ಹಾಳಾದವನು. ನಾನು ಅವನ ಮುಂದೆಯೇ ಹಾದುಹೋಗಿ ಬೊಗಸೆ ಒಡ್ಡಿದೆ.

“ಹಾಕು ಅಕ್ಕಾ,” ಎಂದೆ. “ತುಂಬ ಹಾಕು.”

ಕುಡಿದು ಬಾಯಿ ಒರೆಸಿಕೊಂಡು ತಿರುಗಿದೆ. ಹಿಂದೆ ಶೆಡ್ಡಿನ ಹೆಂಗಸರೆಲ್ಲ ಬೊಗಸೆ ಹಿಡಿದು ಸಾಲಾಗಿ ನಿಂತಿದ್ದರು.