ಬುಟ್ಟಿಯ ಬಿಳಿ ಬಟ್ಟೆ

ಗಿರಿಜಾ, ನಿನ್ನ ಅವ್ವನ ಒಲೆಯ ಮೇಲೆ ತಪ್ಪು ಹೊರಿಸಿದವನು ನಾನು. ಹೊರಿಸುವಾಗ ಅವಳು ಯಾವ ಹೊಗೆಯಲ್ಲಿ ದಿನವಿಡೀ ಕೂರುತ್ತಿದ್ದಳೆಂದು ನನಗೆ ಗೊತ್ತಿತ್ತು — ಗೊತ್ತಿದ್ದೂ ಹೇಳಲಿಲ್ಲ.

ನಿನಗೆ ತಿಳಿದದ್ದರಿಂದಲೇ ಶುರುಮಾಡುತ್ತೇನೆ. ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಟಂಟಂ ಆಟೋಗಳು ಬೇವಿನ ಮರದ ಮುಂದೆ ಸಾಲಾಗಿ ನಿಲ್ಲುತ್ತವೆ. ಸಾಲಿನಲ್ಲಿ ನನ್ನದೂ ಒಂದು. ಮರದ ಬುಡದಲ್ಲಿ ಅವ್ವ ಜೋಳದ ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ನಿನಗೆ ತಿಳಿಯದ್ದು ನಮ್ಮ ಕಸುಬಿನ ಒಂದು ಮಾತು — ಗಾಡಿ ತುಂಬುವವರೆಗೂ ನಾವು ಇಂಜಿನ್ ಆರಿಸುವುದಿಲ್ಲ. ಗಾಡಿ ಗಡಗಡ ಎನ್ನುತ್ತಿದ್ದರೆ ಈಗಲೇ ಹೊರಡುತ್ತದೆಂದು ಜನ ಹತ್ತುತ್ತಾರೆ. ಸುಮ್ಮನೆ ನಿಂತ ಗಾಡಿಗೆ ಯಾರೂ ಹತ್ತುವುದಿಲ್ಲ. ಅದಕ್ಕೇ ಸಾಲಿನ ಅಷ್ಟೂ ಗಾಡಿಗಳು ನಿಂತಲ್ಲೇ ಉರಿಯುತ್ತವೆ. ನನ್ನದರಲ್ಲಿ ಡೀಸೆಲ್ಲಿನ ಜೊತೆ ಅಗ್ಗವೆಂದು ಬೆರೆಸಿದ ಚಿಮಣಿ ಎಣ್ಣೆಯೂ ಇರುತ್ತಿತ್ತು, ಹೊಗೆ ಇನ್ನೂ ಕಪ್ಪು. ಹೊಗೆಯ ಕೊಳವೆ ಮರದ ಕಡೆಗೆ.

ಬುಟ್ಟಿಯ ಮೇಲೆ ಅವಳು ಬೆಳಿಗ್ಗೆ ಹೊದಿಸುತ್ತಿದ್ದ ಬಿಳಿ ಬಟ್ಟೆ ಸಂಜೆಗೆ ಬೂದಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಕೆಲವು ದಿನ ಅದಕ್ಕಿಂತ ಕಪ್ಪು. ಅವಳು ಬುಟ್ಟಿ ಎತ್ತುವ ಮೊದಲೇ ನಾನು ಬಟ್ಟೆ ಎಳೆದುಕೊಂಡು ನಲ್ಲಿಗೆ ಹೋಗಿ ಒಗೆದು ತರುತ್ತಿದ್ದೆ. ಪಕ್ಕದ ಹಣ್ಣಿನಾಕೆ ನಗುತ್ತಿದ್ದಳು, "ಕಾಶವ್ವಾ, ಬಂಗಾರದಂಥಾ ಗಂಡ ಬಿಡಬೇ! ನಿನ್ನ ಅರಿವಿ ಒಗಿತಾನ."

"ಈಗ ಬುದ್ಧಿ ಬಂದೈತಿ," ಎನ್ನುತ್ತಿದ್ದಳು ಅವ್ವ. "ಲಗ್ನಾದಾಗ ಉಂಡ ತಾಟ ಸೈತ ಎತ್ತತಿದ್ದಿಲ್ಲ."

ಹಾಗೆ ಹೇಳುವಾಗ ಅವಳ ಮುಖದಲ್ಲಿ ಒಂದು ಹಿಗ್ಗು ಇರುತ್ತಿತ್ತು. ಆ ಹಿಗ್ಗನ್ನು ನಾನು — ಬೇಡ, ಅದನ್ನು ಹೇಗೆ ಬರೆಯಲಿ.

ಅವಳಿಗೆ ಕೆಮ್ಮು ಶುರುವಾಯಿತು. ಹೋಗಲಿಲ್ಲ. ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ ಕೇಳಿದರು, "ಮನ್ಯಾಗ ಹೊಗಿ ಐತೇನು?"

ಅವಳು ನನ್ನತ್ತ ನೋಡಿದಳು. "ಕಟಿಗಿ ಒಲಿ ಐತ್ರಿ," ಎಂದೆ ನಾನು.

"ಮತ್ತ ಹೊರಗ?"

"ಹೊರಗ ಚಲೋ ಗಾಳಿ ಐತ್ರಿ."

ಇಷ್ಟೇ. ಬಾಯಿಗೆ ಬಂದದ್ದಲ್ಲ, ಯೋಚಿಸಿ ಆಡಿದ ಮಾತು.

ತಾನೇ ಕಟ್ಟಿ, ವಾರವಾರ ಸಾರಿಸುತ್ತಿದ್ದ ಒಲೆಯನ್ನು ಅವಳು ಅಂದೇ ಸಂಜೆ ಒಡೆದಳು. ಗ್ಯಾಸಿನ ಮೇಲಿನ ರೊಟ್ಟಿಗೆ ಆ ರುಚಿಯಿಲ್ಲವೆಂದು ಗೊಣಗಿದಳು, ಆದರೂ ಡಾಕ್ಟರ ಮಾತು ಮೀರಲಿಲ್ಲ. "ಮನ್ಯಾಗ ಕೂಡಬ್ಯಾಡ, ಹೊರಗ ಗಾಳ್ಯಾಗ ಕುಂದ್ರು," ಎಂದು ನಾನೇ ಹೇಳಿದೆ. ಮಧ್ಯಾಹ್ನ ಒಂದಿಷ್ಟು ಹೊತ್ತು ಮನೆಗೆ ಬಂದು ಹೋಗುತ್ತಿದ್ದವಳು ಅದನ್ನೂ ಬಿಟ್ಟು ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಕೂರತೊಡಗಿದಳು. ನನ್ನ ಗಾಡಿಯ ಹಿಂದೆ.

ಆಮೇಲೆ ಇಟ್ಟಂಗಿಹಾಳದ ಬಸಪ್ಪ ಬ್ಯಾಟರಿ ಆಟೋ ತಂದ. ಹೊಗೆಯಿಲ್ಲ, ಸದ್ದಿಲ್ಲ. ಸಾಲಿನವರೆಲ್ಲ ಅವನನ್ನು ಕಾಡಿದರು. "ಏ ಬಸ್ಯಾ, ಉಸುರಾಡತೈತೇನಲೇ ನಿನ್ನ ಗಾಡಿ? ಹೆಣದಾಗ ಯಾರ್ ಹತ್ತತಾರ?" ಎಲ್ಲರ ಜೊತೆ ನಾನೂ ನಕ್ಕೆ. ಅವ್ವ ನಗಲಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಅಂದಳು, "ಅಂವನ ಗಾಡಿ ಇಲ್ಲೇ ನನ್ನ ಮುಂದ ನಿಂದ್ರಲಿ ಬಿಡ್ರಿ. ಅದು ನಿಂತಾಗ ಉಸುರು ಹಗೂರ ಆಗತೈತಿ."

ಅಂದರೆ ಅವಳಿಗೆ ಗೊತ್ತಾಗತೊಡಗಿತ್ತೇ? ಇಂದಿಗೂ ತಿಳಿಯದು. ಸಾಲಿನ ಹಿರಿಯ ನಾನು, ನನ್ನ ಒಂದು ಮಾತು ಸಾಕಿತ್ತು. ಆದರೆ ಆ ಗಾಡಿಗೆ ಜಾಗ ಕೊಟ್ಟರೆ ನಾಳೆ ನಮ್ಮೆಲ್ಲರ ಗಾಡಿಗೂ ಹೊಗೆಯ ಮಾತು ಬರುತ್ತದೆ — "ಸಾಲು ಮುರಿಯಾಕ ಬರಂಗಿಲ್ಲ," ಎಂದೆ. ಅವಳು ಮತ್ತೆ ಕೇಳಲಿಲ್ಲ. ಬಸಪ್ಪ ಬೇರೆ ಕಡೆ ಹೋದ.

ಅವಳು ತೀರಿದ ಮೇಲೆ, ಒಡೆದ ಒಲೆಯ ಜಾಗ ನೋಡಿ ನೀನು, "ಅವ್ವನ್ನ ಇದೇ ತಿಂತು," ಎಂದು ಅತ್ತೆ. ನಿನ್ನ ತಲೆಯ ಮೇಲೆ ಕೈಯಿಟ್ಟು ಹೂಂ ಎಂದೆ. ಒಲೆಯ ಮೇಲೆ ತಪ್ಪು ಹೊರಿಸಿದ್ದು ಅದು ಎರಡನೆಯ ಸಲ.

ಈಗ ನೀನು ಬಬಲೇಶ್ವರದಿಂದ ನನ್ನ ಮನೆಗೆ ಬಂದು ಅದೇ ಬುಟ್ಟಿ ಹಿಡಿದು ಅದೇ ಬೇವಿನ ಕೆಳಗೆ ಕೂತಿದ್ದೀ. ಅವ್ವನ ಜಾಗ ಬಿಡಬಾರದು ಎನ್ನುತ್ತೀ. ನಿನ್ನೆ ನೀನು ಕೆಮ್ಮಿದೆ. ನಾನು ತಿರುಗಿ ನೋಡಿದ್ದಕ್ಕೆ ನೀನು ನಕ್ಕೆ, "ಅಂಜಬ್ಯಾಡಪ್ಪಾ, ನಮ್ಮನ್ಯಾಗ ಈಗ ಒಲಿ ಎಲ್ಲೈತಿ?"

ಇಂದು ಇಂಜಿನ್ ಆರಿಸಿ ನಿಂತೆ. "ಏನ್ ಕಾಕಾ, ಗಾಡಿ ಸತ್ತೇತೇನ?" ಎಂದು ಎಲ್ಲರೂ ನಕ್ಕರು. ಜನ ಹಿಂದಿನ ಗಾಡಿ ಹತ್ತಿದರು. ಆ ಗಾಡಿಯ ಹೊಗೆಯೂ ಮರದ ಕಡೆಗೇ ಬಂತು. ನಾನೊಬ್ಬ ಆರಿಸಿದರೆ ಗಾಳಿ ಬದಲಾಗುವುದಿಲ್ಲ — ಅದಕ್ಕೆ ಈ ಮಾತು ನಿನಗೂ ಸಾಲಿಗೂ ಹೇಳಲೇಬೇಕು.

ಸಂಜೆ ರೂಢಿಯಂತೆ ಬಟ್ಟೆ ಎಳೆದುಕೊಂಡೆ. ನಲ್ಲಿಯವರೆಗೂ ಹೋದೆ. ಒಗೆಯಲಿಲ್ಲ.

ಅದು ಈಗ ನನ್ನ ಮುಂದೆ ಇದೆ, ನಿನ್ನ ಒಂದು ದಿನದ ಮಸಿಯ ಸಮೇತ. ಬೆಳಿಗ್ಗೆ ಹಾಗೆಯೇ ನಿನ್ನ ಕೈಗೆ ಕೊಡುತ್ತೇನೆ. ಇಷ್ಟು ದಿನ ಒಗೆದದ್ದು ಯಾಕೆ ಎಂದು ನೀನು ಕೇಳುತ್ತೀ. ಮಸಿ ಮುಚ್ಚಲು ಎಂದು ಸಾಲಿನವರೆಲ್ಲ ಕೇಳುವಂತೆಯೇ ಹೇಳುತ್ತೇನೆ, ಈ ಬರೆದದ್ದನ್ನೂ ಓದುತ್ತೇನೆ. ಆಮೇಲೆ ನೀನು ನನ್ನನ್ನು ಅಪ್ಪಾ ಎನ್ನದಿದ್ದರೂ — ಆ ಮರದ ಕೆಳಗಿಂದ ಮಾತ್ರ ಏಳು.