ತಾವಾಗಿ ಮುಂದೆ ಹೋದ ಚಿತ್ರಗಳು

ಕಮತಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದ ಅಮಾತೆಪ್ಪ ಮಾಸ್ತರರಿಗೆ ಪಾಠ ಮಾಡಲು ಏನೂ ಬೇಕಾಗುತ್ತಿರಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ, ಅಂಗಿಯ ತೋಳು ಮಡಚಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತರೆಂದರೆ ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಿದ್ದರು. ಅವರ ದನಿ ಪಕ್ಕದ ಗಣಿತದ ಕ್ಲಾಸಿಗೂ ಕೇಳುತ್ತಿತ್ತು. ತಮ್ಮ ಹುಡುಗರು ಲೆಕ್ಕ ಬಿಟ್ಟು ಯುದ್ಧದ ಕಥೆ ಕೇಳುತ್ತ ಕೂಡುತ್ತಾರೆಂದು ಗಣಿತದವರು ನಗುತ್ತಲೇ ದೂರುತ್ತಿದ್ದರು. ರಜೆ ಬಂದರೆ ಸಾಕು, ಬಾದಾಮಿ, ಮಹಾಕೂಟ, ಪಟ್ಟದಕಲ್ಲು ಎಂದು ಅಲೆಯುವುದು ಅವರ ಚಟ. ಯಾವ ಗುಹೆಯ ಯಾವ ಮೂಲೆಗೆ ಯಾವ ಹೊತ್ತಿಗೆ ಬಿಸಿಲು ಬೀಳುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಫೋನಿನ ತುಂಬ ಅದೇ ಫೋಟೋಗಳು.

ಶಾಲೆಗೆ ಪ್ರೊಜೆಕ್ಟರ್ ಬಂದಾಗ ಉಳಿದ ಮಾಸ್ತರರೆಲ್ಲ ಅದರ ಸುತ್ತ ನೆರೆದರು. ಅಮಾತೆಪ್ಪ ಆ ಕಡೆ ತಲೆ ಹಾಕಲಿಲ್ಲ. ಕಂಪ್ಯೂಟರ್ ಕಲಿಸುವ ಆಫ್ರೀನ ಇದೇ ಶಾಲೆಯಲ್ಲಿ ಅವರ ಕೈಯಲ್ಲೇ ಓದಿದವಳು.

"ಸರ್, ನಿಮ್ಮ ಫೋನಿನ್ಯಾಗ ಎಷ್ಟ ಛಲೋ ಫೋಟೋ ಅದಾವು! ಕೊಡ್ರಿ, ನಾ ಸ್ಲೈಡ್ ಮಾಡಿ ಕೊಡ್ತೇನಿ" ಎಂದಳು.

"ಬ್ಯಾಡವಾ. ಗ್ವಾಡಿ ಮ್ಯಾಲ ಚಿತ್ರ ಬಂತಂದ್ರ ಹುಡುಗ್ರು ನನ್ನ ಮಾತ ಯಾಕ ಕೇಳ್ತಾವ?" ಎಂದು ಅವರು ನಕ್ಕುಬಿಟ್ಟರು.

ಆ ಬೇಸಿಗೆಯಲ್ಲಿ ಕೆರೂರಿನಲ್ಲಿ ಸಂಬಂಧಿಕರ ಮದುವೆ ಇತ್ತು. ಹೆಂಡತಿ ಬನಶಂಕರಿಗೆ ಮೈಯಲ್ಲಿ ಹುಷಾರಿರಲಿಲ್ಲ, ಅಮಾತೆಪ್ಪ ಒಬ್ಬರೇ ಹೋಗಿದ್ದರು. ಊಟ ಮುಗಿಸಿ ಬಸ್ ಸ್ಟ್ಯಾಂಡಿಗೆ ಬರುವಾಗ ನಾಲಗೆ ದಪ್ಪಗಾದ ಹಾಗೆ ಅನ್ನಿಸಿತು. ಬಿಸಿಲಿಗೋ, ಊಟದ ಮೇಲೆ ಹಾಕಿದ ಎಲೆ ಅಡಿಕೆಗೋ ಇರಬೇಕು ಎಂದುಕೊಂಡರು. ಕಮತಗಿಗೆ ಹೋಗಲು ಹಿಡಿಯಬೇಕಾದ ಬಾಗಲಕೋಟೆಯ ಬಸ್ಸು ಬಂತು. ಹತ್ತಿ ಕೂತರು.

"ಎಲ್ಲಿಗ್ರಿ ಯಜಮಾನ್ರ?" ಕಂಡಕ್ಟರ್ ಕೇಳಿದ.

ಬಾಗಲಕೋಟೆ ಎಂಬ ಹೆಸರು ತಲೆಯೊಳಗೆ ಸ್ಪಷ್ಟವಾಗಿತ್ತು. ಬಾಯಿಗೆ ಬಂದದ್ದು "ಬಾ" ಅಷ್ಟೇ.

"ಬಾದಾಮಿನ್ರಿ?"

ಅಲ್ಲ ಎನ್ನಬೇಕು. ಮತ್ತೆ ಬಂದದ್ದೂ "ಬಾ".

"ಬಾದಾಮಿಗಾದ್ರ ಈ ಬಸ್ಸಲ್ಲರಿ. ಲಗೂ ಇಳೀರಿ, ಆ ಕಡೆ ನಿಂತೈತಿ ನೋಡ್ರಿ."

ಅಮಾತೆಪ್ಪ ಸೀಟಿನ ಕಂಬಿ ಹಿಡಿದು ಇನ್ನೊಂದು ಸಲ ಯತ್ನಿಸಿದರು. ಹಿಂದಿನಿಂದ ಯಾರೋ "ಹಾಡಹಗಲ ಕುಡದ ಬಂದು ಬಸ್ ಹತ್ತತಾವ" ಎಂದರು. ಅಮಾತೆಪ್ಪ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಜನ್ಮದಲ್ಲಿ ಹೆಂಡದ ವಾಸನೆಯನ್ನೂ ನೋಡದವರು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಇಳಿದುಬಿಟ್ಟರು. ತಾವು ಹೋಗಬೇಕಾದ ಬಸ್ಸು ಕಣ್ಣೆದುರಿಗೇ ಹೊರಟು ಹೋಯಿತು. ಅಲ್ಲೇ ನೆರಳಿಗೆ ನಿಂತರು. ಬಹಳ ಹೊತ್ತು ನಿಂತರು. ಎದುರಿಗೆ ಓಡಾಡುವ ಜನರಲ್ಲಿ ಯಾರನ್ನು ಕರೆಯಬೇಕು, ಏನೆಂದು ಕರೆಯಬೇಕು? ಬಲಗಾಲು ಮಡಚಿಕೊಂಡಾಗ ಕಬ್ಬಿನ ಹಾಲು ಮಾರುವ ಹೆಣ್ಣುಮಗಳೊಬ್ಬಳು ಓಡಿ ಬಂದು ಹಿಡಿದಳು.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು ಬನಶಂಕರಿಗೆ, "ಪಾರ್ಶ್ವವಾಯು ಹೊಡದೈತಿ. ಇನ್ನೂ ಸ್ವಲ್ಪ ಲಗೂ ತಂದಿದ್ರ ಬ್ಯಾರೆ ಇತ್ರಿ" ಎಂದರು. ಮಂಚದ ಮೇಲಿದ್ದ ಅಮಾತೆಪ್ಪನವರಿಗೆ ಅದು ಕೇಳಿಸಿತು. ತಡ ಏಕಾಯಿತೆಂಬುದು ಅವರೊಬ್ಬರಿಗೇ ಗೊತ್ತಿತ್ತು. ಅವರಿಗೆ ಇವತ್ತಿನವರೆಗೂ ಅದನ್ನು ಯಾರಿಗೂ ಹೇಳಲಾಗಿಲ್ಲ.

ಕಾಲು ಮೆಲ್ಲಗೆ ಸರಿಹೋಯಿತು. ಎಳೆದುಕೊಂಡಾದರೂ ನಡೆಯುತ್ತಿದ್ದರು. ಬಲಗೈ ಬೆರಳುಗಳಲ್ಲಿ ಮಾತ್ರ ಕಸುವು ಬರಲಿಲ್ಲ. ಮಾತಿನದೇ ಬೇರೆ ಕಥೆ. ಎದುರಿನವರು ಹೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕಾದದ್ದು ಒಳಗೆ ಸಿದ್ಧವಾಗಿರುತ್ತದೆ, ಆದರೆ ಬಾಯಿಗೆ ಬರುವಾಗ ಒಂದು ಶಬ್ದ ಬರುತ್ತದೆ, ಮುಂದಿನದು ಬರುವುದಿಲ್ಲ. ಕೆಲವು ಸಲ ಬೇರೆಯದೇ ಬರುತ್ತದೆ. ಎಡಗೈಯಿಂದ ಬರೆಯಹೋದರೂ ಅದೇ ಗತಿ. ಕಣ್ಣಿಗೆ ಹಾಕುವ ಚಾಳೀಸು ಕೇಳಲು ಹೋಗಿ "ಚಪ್ಪಲಿ" ಎನ್ನುತ್ತಿದ್ದರು. ಬನಶಂಕರಿ ಚಪ್ಪಲಿ ತಂದಿಟ್ಟು, ಅವರ ಮುಖ ನೋಡಿ, "ಇದಲ್ಲೇನ್ರಿ? ಮತ್ತೇನು, ಛತ್ರಿಯೇನು? ಚಾಳೀಸೇನು?" ಎಂದು ಒಂದೊಂದೇ ಕೇಳುತ್ತಿದ್ದಳು. ಎಲ್ಲರೂ ಹಾಗೆಯೇ. ಅವರು ಬಾಯಿ ತೆರೆದರೆ ಸಾಕು, ಉಳಿದ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಮುಗಿಸಿದ ಮಾತು ತಮ್ಮದಲ್ಲವೆಂದು ಸಿಟ್ಟು ಬರುತ್ತಿತ್ತು. ಬೈಯಲಿಕ್ಕೂ ಶಬ್ದ ಬೇಕಲ್ಲ!

ರಜೆ ಮುಗಿಯುತ್ತ ಬಂದಾಗ ಹೆಡ್ ಮಾಸ್ತರ ಶ್ರೀಶೈಲ ಅವರು ಮನೆಗೆ ಬಂದರು. ಚಹ ಕುಡಿದು, ಕಪ್ಪನ್ನು ಕೈಯಲ್ಲೇ ತಿರುಗಿಸುತ್ತ ಕೂತರು.

"ಶಾಲಿ ಕಮಿಟಿಯವರು ನಿಮ್ಮನ್ನ ಮತ್ತ ಕ್ಲಾಸಿಗೆ ಬಿಡೂದಕ್ಕ ಮೊದಲ ಒಂದ ಪಾಠ ನೋಡ್ಬೇಕಂತಾರ್ರಿ. ಒಂಬತ್ತನೇ ಕ್ಲಾಸಿಗೆ. ಹಿಂದಿನ ಬೆಂಚಿನ್ಯಾಗ ಕುಂತು ನೋಡ್ತಾರ, ಅಷ್ಟ. ನನ್ನ ಕೈಯಾಗ ಇದ್ದಿದ್ರ ನಾ ಇದನ್ನ ಕೇಳ್ತಿದ್ದಿಲ್ಲ ನೋಡ್ರಿ."

ಅಮಾತೆಪ್ಪ ಗೋಣು ಹಾಕಿದರು.

ಮರುದಿನವೇ ಆಫ್ರೀನ ಬಂದಳು. "ಸರ್, ಈಗರ ಸ್ಲೈಡ್ ಮಾಡೂಣ್ರಿ. ಚಿತ್ರ ಕಂಡ್ರ ಅರ್ಧ ಮಾತು ಅದರಾಗ ಬರ್ತೈತಿ. ನೀವು ಒಂದ ಶಬ್ದ ಅಂದ್ರೂ ನಡೀತೈತಿ."

ಶಾಲೆ ತೆರೆದ ಮೇಲೆ, ಸಂಜೆ ಹೊತ್ತು ಕಂಪ್ಯೂಟರ್ ಕೋಣೆಯಲ್ಲಿ ಅಭ್ಯಾಸ ಶುರುವಾಯಿತು. ಮೊದಲ ದಿನವೇ ಮನಸ್ಸು ಮುರಿಯಿತು. ಶಾಲೆಯ ಲ್ಯಾಪ್‌ಟಾಪು ಹಳೆಯದು. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಾಗ ಅದು ಏದುಸಿರು ಬಿಡುತ್ತಿತ್ತು. ಆಫ್ರೀನ ಚಂದಕ್ಕೆಂದು ಹಾಕಿದ್ದ ಹಾಳೆ ಮಗುಚುವ ಆಟ ಅರ್ಧಕ್ಕೇ ನಿಂತು, ಮೇಲೆ ಮಹಾಕೂಟದ ಹೊಂಡ, ಕೆಳಗೆ ಪಟ್ಟದಕಲ್ಲಿನ ಗುಡಿ ಕಾಣಿಸುತ್ತಿತ್ತು. ಅಮಾತೆಪ್ಪ ಕಷ್ಟಪಟ್ಟು ಒಂದು ಶಬ್ದವನ್ನು ನಾಲಗೆಯ ತುದಿಗೆ ತಂದು ಹಿಡಿದುಕೊಳ್ಳುವರು. ಚಿತ್ರ ಬರುವಷ್ಟರಲ್ಲಿ ಅದು ಜಾರಿ ಹೋಗಿರುವುದು. ಕೊನೆಗೆ ಬ್ಯಾಡ ಎಂದು ಎಡಗೈ ಬೀಸಿ ಎದ್ದರು.

"ಇದು ನಿಮ್ಮ ತಪ್ಪಲ್ಲರಿ ಸರ್. ಫೋಟೋ ಭಾಳ ದೊಡ್ಡವು ಅದಾವು, ಈ ಡಬ್ಬಿಗೆ ಹೊರಾಕ ಆಗವಲ್ದು. ಸೆಟ್ಟಿಂಗ್ ಬದಲಿ ಮಾಡ್ತೇನಿ, ನಾಳೆ ಬರ್ರಿ."

ಅವಳು ಫೋಟೋಗಳನ್ನೆಲ್ಲ ಕುಗ್ಗಿಸಿದಳು. ಹಾಳೆ ಮಗುಚುವುದು, ಹಾರಿ ಬರುವುದು ಎಲ್ಲ ತೆಗೆದು ಹಾಕಿದಳು. ಹಿಂದೆ ನಡೆಯುತ್ತಿದ್ದ ಬೇರೆ ಬೇರೆ ಪ್ರೋಗ್ರಾಮುಗಳನ್ನು ಮುಚ್ಚಿ, ಪರದೆಯ ಅಳತೆಯನ್ನು ಪ್ರೊಜೆಕ್ಟರಿಗೆ ಹೊಂದಿಸಿದಳು. ಮಾರನೇ ದಿನ ನೋಡಿದರೆ ಚಿತ್ರಗಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದರ ಹಿಂದೆ ಒಂದು ಬಂದವು. ಉಳಿದದ್ದು ಒಂದೇ ತೊಡಕು. ಬಲಗೈ ಬೆರಳಿಗೆ ಗುಂಡಿ ಒತ್ತಲಾಗುತ್ತಿರಲಿಲ್ಲ, ಎಡಗೈ ಒಂದರ ಬದಲು ಎರಡು ಸಲ ಒತ್ತಿಬಿಡುತ್ತಿತ್ತು. ತಾನೇ ಪಕ್ಕದಲ್ಲಿ ಕೂತು ಒತ್ತಬಹುದೆಂದು ಆಫ್ರೀನಳಿಗೆ ಹೊಳೆಯದೆ ಇರಲಿಲ್ಲ. ಕಮಿಟಿಯವರ ಎದುರಿಗೆ ಅದು ಸರಿಯಾಗಿ ಕಾಣದು ಎಂದು ಬೇರೆ ದಾರಿ ಹುಡುಕಿದಳು.

"ಸರ್, ಇವತ್ತು ನೀವು ಪಾಠ ಹೇಳ್ಕೋತ ಹೋಗ್ರಿ, ಒಂದೊಂದ ಮುಗದಂಗ ಗುಂಡಿ ನಾ ಒತ್ತತೇನಿ. ಒಂದೊಂದ ಚಿತ್ರಕ್ಕ ಎಷ್ಟೊತ್ತು ಹಿಡೀತೀರೋ ಅದನ್ನ ಇದು ನೆನಪ ಇಟ್ಕೋತೈತಿ. ಆಮ್ಯಾಲ ಅಷ್ಟೊತ್ತು ನಿಂತು, ತಾನ ಮುಂದ ಹೋಗ್ತೈತಿ."

ಅವತ್ತು ಏನಾಯಿತೋ, ಮಾತು ಬಂತು. ನಿಧಾನವಾಗಿ, ತಡವರಿಸಿಕೊಂಡು, ಆದರೆ ಪೂರ್ತಿ ಬಂತು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಗೋಡೆಯ ಮೇಲಿನ ಗುಡ್ಡ ಅವರು ಮುಗಿಸುವ ತನಕ ಸುಮ್ಮನೆ ನಿಂತಿತು. ಕರೆದುಕೊಂಡು ಹೋಗಲು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಬನಶಂಕರಿ, "ಆತಲ್ರಿ! ಮತ್ಯಾಕ ಹೆದರ್ತೀರಿ?" ಎಂದಳು. ಅವರು ನಕ್ಕರು. ಕಾಯಿಲೆ ಬಿದ್ದ ಮೇಲೆ ಅಷ್ಟು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಪಾಠದ ದಿನ ಕಿಟಕಿಗಳಿಗೆ ಪರದೆ ಎಳೆದಿದ್ದರು. ಕಮಿಟಿಯ ಹಿರಿಯರು ಹಿಂದೆ ಕೂತರು, ಶ್ರೀಶೈಲ ಅವರು ಬಾಗಿಲ ಹತ್ತಿರ ನಿಂತರು. ಗೋಡೆಯ ಮೇಲೆ ಬಾದಾಮಿಯ ಕೆರೆ, ಅದರ ಹಿಂದೆ ಕೆಂಪು ಬಂಡೆ ಮೂಡಿದವು.

"ಮಕ್ಕಳೇ" ಎಂದರು ಅಮಾತೆಪ್ಪ. ಅದು ಸಲೀಸಾಗಿ ಬಂತು. "ಇದು ವಾ..."

ವಾತಾಪಿ. ಬಾದಾಮಿಯ ಹಳೆಯ ಹೆಸರು. ಎಷ್ಟು ವರ್ಷ ಹೇಳಿದ ಹೆಸರು! ತುಟಿ ದುಂಡಗಾದವು, "ವಾ" ಆದಮೇಲೆ ದಾರಿ ಮುಚ್ಚಿಹೋಗಿತ್ತು. ಕಣ್ಣು ಮುಚ್ಚಿ ಮತ್ತೆ ಮತ್ತೆ ಯತ್ನಿಸಿದರು, ಎಷ್ಟು ಹೊತ್ತೋ ತಿಳಿಯಲಿಲ್ಲ. ಕಣ್ಣು ತೆರೆದಾಗ ಗೋಡೆಯ ಮೇಲೆ ಗುಹೆಯ ಕಂಬಗಳಿದ್ದವು. ಕೆರೆ ಹೋಗಿಬಿಟ್ಟಿತ್ತು.

"ವಾತಾಪಿರಿ ಸರ್" ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಎತ್ತಿಕೊಟ್ಟಳು.

"ವಾತಾಪಿ!" ಎಂದರು. ಮುಂದಿನ ಮಾತಿಗೆ ತಡಕಾಡಿ ತಿರುಗಿ ನೋಡುವಷ್ಟರಲ್ಲಿ ಕಂಬಗಳೂ ಹೋಗಿ ಮಹಾಕೂಟದ ಹೊಂಡ ಬಂದಿತ್ತು. ಯಾರೋ ಕಿಸಕ್ಕೆಂದರು. ಉಳಿದವರು ಅವರನ್ನು ಚಿವುಟಿ ಸುಮ್ಮನಾಗಿಸಿದರು. ಅಮಾತೆಪ್ಪ ಗೋಡೆಗೆ ಕೈ ಚಾಚಿದರು, ಹೋಗುವವರನ್ನು ತಡೆಯುವ ಹಾಗೆ. ಚಿತ್ರ ಅವರ ಅಂಗೈ ಮೇಲೆ ಬಿತ್ತು, ಅಲ್ಲೇ ಬದಲಾಯಿತು. ಪಟ್ಟದಕಲ್ಲಿನ ಶಿಖರ, ನದಿಯ ದಂಡೆ, ಇನ್ನೊಂದು ಶಿಖರ. ಯಾವುದೂ ತಡೆಯಲಿಲ್ಲ, ಎಲ್ಲೂ ಎಡವಲಿಲ್ಲ. ಅಷ್ಟು ನುಣುಪಾಗಿ ಹೋದವು.

ಆಫ್ರೀನ ಓಡಿ ಬಂದಳು. ಏನೋ ಒತ್ತಿದಳು. ದೊಡ್ಡ ಚಿತ್ರ ಮಾಯವಾಗಿ ಎಲ್ಲ ಸ್ಲೈಡುಗಳೂ ಅಂಚೆ ಚೀಟಿಗಳ ಹಾಗೆ ಸಾಲಾಗಿ ಕಂಡವು. ತಾನಾಗಿ ಮುಂದೆ ಹೋಗುವ ಸೆಟ್ಟಿಂಗಿನ ಗುರುತು ತೆಗೆದಳು.

"ಸರ್, ಈಗ ನಿಲ್ತೈತ್ರಿ. ನೀವು ಹೇಳಿ ಮುಗಸೂತನಕ ಎಲ್ಲಿಗೂ ಹೋಗೂದಿಲ್ಲ. ನಾ ಇಲ್ಲೇ ಇರ್ತೇನಿ."

ಕೆರೆ ಮತ್ತೆ ಬಂತು. ಹೇಳಿದ ಹಾಗೆಯೇ ನಿಂತಿತು. ಅಮಾತೆಪ್ಪ ಅದನ್ನು ನೋಡಿದರು. ಈಗ ಅವಸರವಿಲ್ಲ, ದೂರಲು ಯಂತ್ರವೂ ಇಲ್ಲ. ಮಕ್ಕಳು ಕಾದರು, ಹಿರಿಯರು ಕಾದರು. ಗೋಡೆಯ ಮೇಲೆ ನೀರು ಕದಲದೆ ಕಾದಿತ್ತು. ಅವರ ಬಾಯಿಗೆ ಒಂದು ಶಬ್ದವೂ ಬರಲಿಲ್ಲ. ಮುಂದಿನ ಸಾಲಿನ ಹುಡುಗಿ ಮತ್ತೆ ತುಟಿ ಆಡಿಸುತ್ತಿದ್ದಳು. ಆಮೇಲೆ ಅವಳೂ ತಲೆ ತಗ್ಗಿಸಿದಳು.

ಹಿಂದಿನಿಂದ ಒಬ್ಬ ಹಿರಿಯರು ಎದ್ದರು. "ಸಾಕ್ರಿ ಮಾಸ್ತರ. ತ್ರಾಸ ಮಾಡ್ಕೋಬ್ಯಾಡ್ರಿ. ಕುಂಡ್ರಿ" ಎಂದರು. ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. ಇದ್ದಿದ್ದರೆ ಅಮಾತೆಪ್ಪ ನಿಂತಿರುತ್ತಿದ್ದರೋ ಏನೋ. ಕೂತರು.

ಅವರನ್ನು ಯಾರೂ ಕೆಲಸ ಬಿಡಿಸಿ ಮನೆಗೆ ಕಳಿಸಲಿಲ್ಲ. ಗ್ರಂಥಾಲಯದ ಕೋಣೆ ಕೊಟ್ಟರು. ಮಕ್ಕಳು ಬಂದು ಪುಸ್ತಕ ತೋರಿಸುತ್ತಾರೆ, ಇವರು ಗೋಣು ಹಾಕುತ್ತಾರೆ. ಸಮಾಜ ವಿಜ್ಞಾನಕ್ಕೆ ಹುನಗುಂದದಿಂದ ಸಿದ್ದಾರ್ಥ ಎಂಬ ಹೊಸ ಮಾಸ್ತರ ಬಂದ. ಒಳ್ಳೆಯ ಹುಡುಗ, ಬೆಳಿಗ್ಗೆ ಬಂದು ನಮಸ್ಕಾರ ಹೇಳಿಯೇ ಕ್ಲಾಸಿಗೆ ಹೋಗುತ್ತಾನೆ.

ಕೆಲವು ವಾರಗಳಾದ ಮೇಲೆ ಆಫ್ರೀನ ಗ್ರಂಥಾಲಯಕ್ಕೆ ಬಂದಳು. ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಸರ್, ಸಿದ್ದಾರ್ಥ ಸರ್ ನಿಮ್ಮ ಸ್ಲೈಡ್ ಕೇಳ್ಯಾರ್ರಿ. ಭಾಳ ಛಲೋ ಅದಾವು ಅಂದ್ರು. ತಾನ ಮುಂದ ಹೋಗೂದನ್ನ ಮತ್ತ ಹಾಕಿ ಕೊಡು ಅಂತಾರ. ಆದ್ರ ಒಂದೊಂದ ಚಿತ್ರ ಭಾಳ ಹೊತ್ತು ನಿಲ್ತೈತಿ, ಆ ಹೊತ್ತು ಅಳಿಸಿ ಕಡಿಮಿ ಮಾಡಿಕೊಡು ಅಂದ್ರು. ನಿಮ್ಮನ್ನ ಕೇಳದ ಮಾಡೂದು ನನಗ ಸರಿ ಅನಿಸಲಿಲ್ಲ. ಮಾಡ್ಲೇನ್ರಿ?"

ಚಿತ್ರಗಳನ್ನು ಕೊಡಲಿ, ಅದಕ್ಕೆ ಅವರ ತಕರಾರಿರಲಿಲ್ಲ. ಆದರೆ ಆ ಹೊತ್ತು? ಕಾಯಿಲೆಯಾದ ಮೇಲೆ ಅವರು ಪೂರ್ತಿ ಹೇಳಿದ್ದು ಒಂದೇ ಪಾಠ, ಮಕ್ಕಳಿಲ್ಲದ ಕೋಣೆಯಲ್ಲಿ. ಅದು ನಡೆದದ್ದಕ್ಕೆ ಉಳಿದಿರುವ ಗುರುತು, ಒಂದೊಂದು ಚಿತ್ರ ಅವತ್ತು ನಿಂತ ಆ ಹೊತ್ತೊಂದೇ. ಬೇರೆ ಪ್ರತಿ ಮಾಡಿಕೊಂಡು ಅದರಲ್ಲಿ ಬದಲಿಸು, ಇದನ್ನು ಹೀಗೇ ಇಡು ಎನ್ನಬೇಕು. ಅಷ್ಟೂ ಮಾತು ಎದೆಯಲ್ಲಿ ಸಾಲಾಗಿ ನಿಂತವು.

"ಹೂಂ" ಎಂದರು ಅಮಾತೆಪ್ಪ.

ಆಫ್ರೀನ ಅವರ ಮುಖವನ್ನೇ ನೋಡಿದಳು. "ಖರೇನ ಹೂಂ ಅಂತೀರಿ?"

ಅವರು ಬೇಡವೆಂದು ತಲೆಯನ್ನು ಅತ್ತಿತ್ತ ಆಡಿಸಲು ಹೋದರು. ಬಾಯಿ ಮೊದಲೇ ಹೇಳಿಬಿಟ್ಟಿತ್ತು, "ಹೂಂ. ಹೂಂ."

ಅವಳು ಬಾಗಿಲ ತನಕ ಹೋದಳು.

"ಆಫ್ರೀನ!"

ಹೆಸರು ಸ್ಪಷ್ಟವಾಗಿ ಬಂದಿತ್ತು. ಅವಳು ಗಕ್ಕನೆ ತಿರುಗಿ, ಒಳಗೆ ಬಂದು, "ಏನ್ರಿ ಸರ್? ಹೇಳ್ರಿ, ಅವಸರಿಲ್ಲ" ಎಂದು ನಿಂತಳು. ನಡುವೆ ಮಾತು ಹಾಕದೆ, ಊಹಿಸಿ ಮುಗಿಸದೆ, ಕಾದಳು. ಅಮಾತೆಪ್ಪ ಎಡಗೈ ಎತ್ತಿದರು. ಗಾಳಿಯಲ್ಲಿ ಏನೋ ಬರೆಯುವವರ ಹಾಗೆ ಒಂದಿಷ್ಟು ಆಡಿಸಿ, ಮೇಜಿನ ಮೇಲೆ ಇಟ್ಟುಬಿಟ್ಟರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪುಸ್ತಕ ಬದಲಿಸಿಕೊಳ್ಳುವ ಮಕ್ಕಳು ಗದ್ದಲ ಮಾಡುತ್ತ ಒಳಗೆ ನುಗ್ಗಿದರು, ಆಫ್ರೀನ ಅವರಿಗೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತಳು.